ಒಂದೇ ಜೊತೆ ಎತ್ತು, ಮೂರು ಹೊಲ: ವಾಯುಪಡೆಯ ವಿಮಾನ ಯಾರ ಮಾತು ಕೇಳಬೇಕು?

ಬೀದರ್‌ನವರಿಗೆ ಹಾಕ್ ವಿಮಾನದ ಸದ್ದು ಹಾಲಿನವನ ಬೆಲ್ ಇದ್ದ ಹಾಗೆ. ಕಿವಿಗೆ ಬೀಳುತ್ತದೆ, ಆದರೆ ತಲೆ ಎತ್ತಿ ನೋಡುವವರು ಕಡಿಮೆ. ಅದರೊಳಗೆ ಕೂತಿರುವವರು ಮುಂದೆ ಯುದ್ಧವಿಮಾನ ಹಾರಿಸಬೇಕಾದ ಹುಡುಗ ಹುಡುಗಿಯರು. ಹಿಂದಿನ ಸೀಟಿನಲ್ಲಿ ಕಲಿಸುವ ಮೇಷ್ಟ್ರು. ಈ ವಿಮಾನಗಳ ಯಜಮಾನ ಯಾರು ಅಂತ ಕೇಳಿದರೆ ಹೆಚ್ಚಿನವರು ದೆಹಲಿ ಅನ್ನುತ್ತಾರೆ. ದಿನನಿತ್ಯದ ಲೆಕ್ಕದಲ್ಲಿ ಅದು ಬೆಂಗಳೂರು. ವಾಯುಪಡೆಯ ಟ್ರೈನಿಂಗ್ ಕಮಾಂಡ್‌ನ ಮುಖ್ಯ ಕಚೇರಿ ಇರುವುದು ನಮ್ಮ ಹೆಬ್ಬಾಳದ ಕಡೆ. 1949ರಿಂದಲೂ ಈ ಕಮಾಂಡ್ ಇದೆ.

ಕರ್ನಾಟಕದಲ್ಲಿ ವಾಯುಪಡೆ ಎಷ್ಟೊಂದು ಕಡೆ ಇದೆ, ಆದರೆ ಇಲ್ಲಿರುವುದು ಬಹುಪಾಲು ಶಾಲೆ ಮತ್ತು ಪ್ರಯೋಗಶಾಲೆ. ಬೆಳಗಾವಿಯ ಸಾಂಬ್ರಾದಲ್ಲಿ ಹೊಸದಾಗಿ ಸೇರಿದವರಿಗೆ ಮೊದಲ ಕವಾಯತು. ಜಾಲಹಳ್ಳಿಯಲ್ಲಿ ಎಂಜಿನಿಯರ್ ಅಧಿಕಾರಿಗಳ ಕಾಲೇಜು. ಯಲಹಂಕದಲ್ಲಿ ಸಾಗಣೆ ವಿಮಾನದ ತರಬೇತಿ. ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕದಲ್ಲಿ ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಟೆಸ್ಟ್ ಪೈಲಟ್‌ಗಳು, ಪೈಲಟ್‌ಗಳ ದೇಹ ಎಷ್ಟು ತಡೆದೀತು ಎಂದು ನೋಡುವ ವೈದ್ಯರು. 2016ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೊದಲ ತೇಜಸ್ ಸ್ಕ್ವಾಡ್ರನ್ ಕೂಡ 2018ರಲ್ಲಿ ತಮಿಳುನಾಡಿನ ಸೂಲೂರಿಗೆ ಗಂಟುಮೂಟೆ ಕಟ್ಟಿತು.

ಇದನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಈಗ ದೆಹಲಿಯಲ್ಲಿ ನಡೆಯುತ್ತಿರುವ 'ಥಿಯೇಟರ್ ಕಮಾಂಡ್' ಜಗಳ, ಅಂದರೆ ಒಂದು ದಿಕ್ಕಿನ ಮೂರೂ ಪಡೆಗಳನ್ನು ಒಬ್ಬನೇ ಸೇನಾಪತಿಯ ಕೈಗೆ ಕೊಡಬೇಕೋ ಬೇಡವೋ ಅನ್ನುವ ಜಗಳ, ಅರ್ಥವಾಗಬೇಕಾದರೆ, ವಾಯುಪಡೆಯಲ್ಲಿ ವಿಮಾನ ನಿಲ್ಲುವ ಜಾಗ ಬೇರೆ, ಅದಕ್ಕೆ ಕೆಲಸ ಹೇಳುವವರು ಬೇರೆ ಅನ್ನುವುದು ತಿಳಿದಿರಬೇಕು. ಭೂಸೇನೆಯಲ್ಲಿ ಹಾಗಲ್ಲ. ಅಲ್ಲಿ ಒಂದು ರೆಜಿಮೆಂಟ್ ಎಲ್ಲಿದೆಯೋ ಹೆಚ್ಚುಕಡಿಮೆ ಅಲ್ಲೇ ಕಾದಾಡುತ್ತದೆ. ವಿಮಾನ ಬೆಳಗ್ಗೆ ಒಂದು ಗಡಿಯಲ್ಲಿದ್ದು ಸಂಜೆ ಇನ್ನೊಂದು ಗಡಿಯಲ್ಲಿ ಇರಬಹುದು.

ಮೊದಲು ಇರುವ ವ್ಯವಸ್ಥೆಯನ್ನು ಬೇಗ ನೋಡಿಬಿಡೋಣ. ವಾಯುಪಡೆಗೆ ಏಳು ಕಮಾಂಡ್‌ಗಳು. ಐದು ಕಾದಾಡುವಂಥವು: ದೆಹಲಿಯಲ್ಲಿ ಪಶ್ಚಿಮ, ಗಾಂಧಿನಗರದಲ್ಲಿ ನೈಋತ್ಯ, ಪ್ರಯಾಗರಾಜ್‌ನಲ್ಲಿ ಕೇಂದ್ರ, ಶಿಲ್ಲಾಂಗ್‌ನಲ್ಲಿ ಪೂರ್ವ, ತಿರುವನಂತಪುರದಲ್ಲಿ ದಕ್ಷಿಣ. ಉಳಿದ ಎರಡು ಬೆಂಗಳೂರಿನ ತರಬೇತಿ ಮತ್ತು ನಾಗಪುರದ ನಿರ್ವಹಣೆ. ಒಂದೊಂದಕ್ಕೂ ಒಬ್ಬ ಏರ್ ಮಾರ್ಷಲ್. ಅವರ ಕೆಳಗೆ ಊರೂರಿನ ಸ್ಟೇಷನ್‌ಗಳು. ಸ್ಟೇಷನ್ ದೊಡ್ಡದಾದರೆ ಏರ್ ಕಮೋಡೋರ್, ಚಿಕ್ಕದಾದರೆ ಗ್ರೂಪ್ ಕ್ಯಾಪ್ಟನ್ ಮುಖ್ಯಸ್ಥ. ಸ್ಟೇಷನ್ ಒಳಗೆ ಸ್ಕ್ವಾಡ್ರನ್. ಯುದ್ಧವಿಮಾನದ ಸ್ಕ್ವಾಡ್ರನ್ ಅಂದರೆ 16ರಿಂದ 18 ವಿಮಾನ. ಎಲ್ಲರ ಮೇಲೆ ದೆಹಲಿಯ ವಾಯು ಭವನದಲ್ಲಿ ಮುಖ್ಯಸ್ಥರು. 2024ರ ಸೆಪ್ಟೆಂಬರ್ 30ರಿಂದ ಆ ಕುರ್ಚಿಯಲ್ಲಿ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಇದ್ದಾರೆ.

ಪಟ್ಟಿ ಇಷ್ಟೇ. ವಿಷಯ ಇರುವುದು ಇದು ಓಡುವ ರೀತಿಯಲ್ಲಿ.

ಒಂದು ರಾತ್ರಿ ತೆಗೆದುಕೊಳ್ಳಿ: 2019ರ ಫೆಬ್ರವರಿ 26, ಬಾಲಾಕೋಟ್. ಬಾಂಬ್ ಹೊತ್ತ ಮಿರಾಜ್‌ಗಳ ಮನೆ ಗ್ವಾಲಿಯರ್. ಅದು ಪ್ರಯಾಗರಾಜ್‌ನ ಕೇಂದ್ರ ಕಮಾಂಡ್‌ಗೆ ಸೇರಿದ್ದು. ಆಕಾಶದಲ್ಲೇ ಇಂಧನ ತುಂಬುವ ಇಲ್ಯೂಶಿನ್ ವಿಮಾನಗಳ ಮನೆ ಆಗ್ರಾ. ಅದೂ ಕೇಂದ್ರ ಕಮಾಂಡೇ. ದೂರದಿಂದ ಶತ್ರುವಿನ ವಿಮಾನಗಳ ಮೇಲೆ ಕಣ್ಣಿಟ್ಟಿದ್ದ 'ನೇತ್ರ'ವನ್ನು ರೂಪಿಸಿದ್ದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಶಾಲೆ. ಗುರಿ ಇದ್ದದ್ದು ದೆಹಲಿಯ ಪಶ್ಚಿಮ ಕಮಾಂಡ್‌ನ ದಿಕ್ಕಿಗೆ. ಗಮನಿಸಿ, ಒಂದು ರಾತ್ರಿಯ ಕೆಲಸಕ್ಕೆ ಎಲ್ಲೆಲ್ಲಿಂದ ಸಾಮಾನು ಬಂತು. ಒಬ್ಬ ಯಜಮಾನನ ಮಾತಿಗೆ ಎಲ್ಲವೂ ಕದಲಿತು. ಯಾರೂ ಯಾರಿಗೂ 'ನಿಮ್ಮ ವಿಮಾನ ಎರಡು ದಿನ ಕೊಡ್ತೀರಾ' ಅಂತ ಕಾಗದ ಬರೆಯಬೇಕಾಗಿರಲಿಲ್ಲ. ವಾಯುಪಡೆಯವರು ತಮ್ಮ ವಾದಕ್ಕೆ ಇಂಥದ್ದನ್ನೇ ಆಧಾರ ಮಾಡಿಕೊಳ್ಳುತ್ತಾರೆ. ಆ ವಾದದಲ್ಲಿ ತೂಕ ಇದೆ.

ಆದರೆ ಮರುದಿನದ ಕಥೆಯೂ ಇದೆ. ಫೆಬ್ರವರಿ 27ರ ಬೆಳಗ್ಗೆ, ಬಡಗಾಮ್ ಹತ್ತಿರ ನಮ್ಮದೇ ಎಂಐ-17 ಹೆಲಿಕಾಪ್ಟರ್ ಅನ್ನು ನಮ್ಮದೇ ಕ್ಷಿಪಣಿ ಹೊಡೆದುರುಳಿಸಿತು. ಅದರೊಳಗಿದ್ದ ಆರು ಮಂದಿ, ನೆಲದಲ್ಲಿದ್ದ ಒಬ್ಬ ನಾಗರಿಕ ತೀರಿಕೊಂಡರು. ಅದು ದೊಡ್ಡ ತಪ್ಪು ಎಂದು ಆಗಿನ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಅದೇ ವರ್ಷ ಅಕ್ಟೋಬರ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಹೆಲಿಕಾಪ್ಟರ್ ವಾಯುಪಡೆಯದು, ಕ್ಷಿಪಣಿಯೂ ವಾಯುಪಡೆಯದು. ಹಾಗಾಗಿ ಎಲ್ಲ ಒಬ್ಬರ ಕೈಯಲ್ಲಿದ್ದರೆ ಎಡವಟ್ಟು ಆಗುವುದಿಲ್ಲ ಅನ್ನುವ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ.

ಕೆಲಸ ಹಂಚುವ ರೀತಿ ಹೀಗಿರುತ್ತದೆ. ಗಡಿಯಲ್ಲಿರುವ ಭೂಸೇನೆಯ ಕೋರ್‌ಗೆ, ಅಂದರೆ ಹಲವು ಡಿವಿಷನ್ ಸೇರಿದ ದೊಡ್ಡ ದಳಕ್ಕೆ, ವಿಮಾನ ಬೇಕು ಅಂದುಕೊಳ್ಳಿ. ಆ ಕೋರ್ ಜೊತೆಗೇ ವಾಯುಪಡೆಯ ಒಂದು ಸಣ್ಣ ತಂಡ ಕೂತಿರುತ್ತದೆ. ಅದಕ್ಕೆ ಟ್ಯಾಕ್ಟಿಕಲ್ ಏರ್ ಸೆಂಟರ್ ಅನ್ನುತ್ತಾರೆ. ಬೇಡಿಕೆ ಅಲ್ಲಿಂದ ಕಮಾಂಡ್‌ಗೆ ಹೋಗುತ್ತದೆ. ಕಮಾಂಡ್‌ನವರು ಎಲ್ಲ ಕಡೆಯ ಬೇಡಿಕೆ ಮುಂದಿಟ್ಟುಕೊಂಡು, ಇರುವ ವಿಮಾನ ಎಣಿಸಿ, ನಾಳೆ ಯಾವ ಸ್ಟೇಷನ್‌ನಿಂದ ಎಷ್ಟು, ಯಾವ ಬಾಂಬ್, ಎಷ್ಟು ಗಂಟೆಗೆ ಅಂತ ಬರೆಯುತ್ತಾರೆ. ಅದು ಸ್ಟೇಷನ್‌ಗೆ, ಅಲ್ಲಿಂದ ಸ್ಕ್ವಾಡ್ರನ್‌ಗೆ ಇಳಿಯುತ್ತದೆ. ಸ್ಕ್ವಾಡ್ರನ್‌ನಲ್ಲಿ ಯಾರು ಯಾವ ವಿಮಾನ ಅಂತ ಹೆಸರು ಬೀಳುತ್ತದೆ. ಇದರ ಜೊತೆಗೆ ಕೆಲವು ವಿಮಾನಗಳನ್ನು ಯಾವ ಕೆಲಸಕ್ಕೂ ಹಚ್ಚದೆ ರನ್‌ವೇ ತುದಿಯಲ್ಲಿ ನಿಲ್ಲಿಸಿರುತ್ತಾರೆ. ಕರೆ ಬಂದ ಕೆಲವೇ ನಿಮಿಷದಲ್ಲಿ ಅವು ಮೇಲೇಳಬೇಕು.

ಯಾವುದಾದರೂ ಕೈಕೊಟ್ಟರೆ ಇರಲಿ ಅಂತ ಕಾಯ್ದಿಡುವ ವಿಮಾನವೂ ಇರುತ್ತದೆ. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಪಟ್ಟಿ ಆಯಿತಲ್ಲ, ಅದರಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಹೆಸರು ಇದ್ದದ್ದು ಹೀಗೆ, ಕಾಯ್ದಿಟ್ಟ ಪೈಲಟ್ ಆಗಿ. ಅವರು ಹೊರಟೇಬಿಟ್ಟರು. ಹಿಂದಿರುಗುವ ದಾರಿಯಲ್ಲಿ ತಮ್ಮ ಮಿಸ್ಟೇರ್‌ಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಎದುರಾಯಿತು. ಏಟು ತಿಂದ ಮೇಲೂ ಅದನ್ನು ಹೊಡೆದುರುಳಿಸಿದರು, ತಾವು ಮರಳಿ ಬರಲಿಲ್ಲ. ಅಲ್ಲಿ ಏನಾಯಿತು ಅನ್ನುವುದು ನಮ್ಮವರಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಂದರೆ 23 ವರ್ಷ ತಡವಾಗಿ. ಪಟ್ಟಿಯಲ್ಲಿ ಕೊನೆಯ ಹೆಸರು, ಆದರೆ ಮಡಿಕೇರಿಯಲ್ಲಿ ಇವತ್ತು ಅವರ ಹೆಸರಿನ ವೃತ್ತ ಇದೆ.

ಅದೇ 1965 ವಾಯುಪಡೆಗೆ ದೊಡ್ಡ ಪಾಠವನ್ನೂ ಕಲಿಸಿತು. ಸೆಪ್ಟೆಂಬರ್ 1ರಂದು ಛಾಂಬ್‌ನಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ನುಗ್ಗಿದವು. ಭೂಸೇನೆ ವಿಮಾನ ಕೇಳಿತು. ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಅನುಮತಿ ಕೊಡುವ ಹೊತ್ತಿಗೆ ಸಂಜೆಯಾಗಿತ್ತು. ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಆಗಿನ ಮುಖ್ಯಸ್ಥ ಅರ್ಜನ್ ಸಿಂಗ್ ಒಂದು ಗಂಟೆ ಅಂದರಂತೆ. ಅದಕ್ಕೂ ಮುಂಚೆಯೇ ಪಠಾಣ್‌ಕೋಟ್‌ನಿಂದ ವಿಮಾನಗಳು ಎದ್ದವು. ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುವವರೇ ಜಾಸ್ತಿ. ಆಮೇಲೆ ಆದದ್ದು ಅಷ್ಟು ಚೆನ್ನಾಗಿಲ್ಲ. ಹಳೆಯ ವ್ಯಾಂಪೈರ್‌ಗಳನ್ನು ಕಳಿಸಿದ್ದರಿಂದ ನಾಲ್ಕನ್ನು ಕಳೆದುಕೊಂಡೆವು. ಸಂಜೆಗತ್ತಲಲ್ಲಿ ಯಾರು ನಮ್ಮವರು, ಯಾರು ಅವರು ಅಂತ ತಿಳಿಯದೆ ನಮ್ಮದೇ ಸೈನಿಕರ ಮೇಲೂ ಗುಂಡು ಬಿತ್ತು. ವಿಮಾನ ಬೇಗ ಎದ್ದಿತು, ಆದರೆ ನೆಲದಲ್ಲಿದ್ದವರಿಗೂ ಮೇಲಿದ್ದವರಿಗೂ ನಡುವೆ ಮಾತೇ ಇರಲಿಲ್ಲ.

ಆಗ ಉಪಮುಖ್ಯಸ್ಥರಾಗಿದ್ದವರು ಪಿ.ಸಿ. ಲಾಲ್. 1969ರಲ್ಲಿ ತಾವೇ ಮುಖ್ಯಸ್ಥರಾದ ಮೇಲೆ ಅವರು ಮಾಡಿದ ದೊಡ್ಡ ಕೆಲಸ ಈ ಮಾತುಕತೆಯ ದಾರಿಯನ್ನು ಸರಿಪಡಿಸಿದ್ದು. ಭೂಸೇನೆಯ ಕಚೇರಿಗಳ ಜೊತೆಗೇ ವಾಯುಪಡೆಯವರನ್ನು ಗಟ್ಟಿಯಾಗಿ ಕೂರಿಸಿದರು. 1971ರಲ್ಲಿ ಫಲ ಕಂಡಿತು. ಡಿಸೆಂಬರ್ 14ರಂದು ಢಾಕಾದ ಗವರ್ನರ್ ಮನೆಯಲ್ಲಿ ಮಧ್ಯಾಹ್ನ ಸಭೆ ಇದೆ ಅನ್ನುವ ಸುದ್ದಿ ಕಿವಿಗೆ ಬಿತ್ತು. ಶಿಲ್ಲಾಂಗ್‌ನಿಂದ ಆದೇಶ ಹೋಯಿತು, ಗುವಾಹಟಿಯಿಂದ ಮಿಗ್-21ಗಳು ಹೊರಟವು. ಪ್ರವಾಸಿಗಳ ನಕ್ಷೆ ನೋಡಿಕೊಂಡು ಕಟ್ಟಡ ಹುಡುಕಿದರು ಅನ್ನುವುದು ವಾಯುಪಡೆಯವರು ಇಂದಿಗೂ ಹೇಳುವ ಮಾತು. ಅವತ್ತೇ ಗವರ್ನರ್ ರಾಜೀನಾಮೆ ಕೊಟ್ಟರು. ಸುದ್ದಿ ಸಿಕ್ಕಿದ್ದಕ್ಕೂ ದಾಳಿಗೂ ನಡುವೆ ಬರೀ ಕೆಲವು ಗಂಟೆಗಳು. ಹೊಸ ಕಮಾಂಡ್ ಹುಟ್ಟಲಿಲ್ಲ, ಬೋರ್ಡ್ ಬದಲಾಗಲಿಲ್ಲ. ಕೂರುವ ಜಾಗ ಬದಲಾಯಿತು, ಅಷ್ಟೇ.

1999ರಲ್ಲಿ ಕಾರ್ಗಿಲ್‌ನಲ್ಲಿ ಮತ್ತೆ ಅದೇ ಹಳೆ ರೋಗ. ಭೂಸೇನೆ ದಾಳಿ ಹೆಲಿಕಾಪ್ಟರ್ ಕೇಳಿತು. ಸರ್ಕಾರದ ಒಪ್ಪಿಗೆ ಇಲ್ಲದೆ ವಾಯುಬಲ ಬಳಸುವಂತಿಲ್ಲ ಎಂದರು ಮುಖ್ಯಸ್ಥ ಎ.ವೈ. ಟಿಪ್ನಿಸ್. ದಿನಗಳು ಹೋದವು. ಗಡಿ ನಿಯಂತ್ರಣ ರೇಖೆ ದಾಟಬಾರದು ಎನ್ನುವ ಷರತ್ತಿನ ಮೇಲೆ ಮೇ 26ರಂದು ದಾಳಿ ಶುರುವಾಯಿತು. ಆ ಯುದ್ಧದ ನಂತರ ನಡೆದ ಪರಾಮರ್ಶೆಯಿಂದಲೇ ಮೂರೂ ಪಡೆಗಳಿಗೆ ಒಬ್ಬ ಹಿರಿಯ ಬೇಕು ಎನ್ನುವ ಶಿಫಾರಸು 2001ರಲ್ಲಿ ಬಂತು. ಆ ಹುದ್ದೆ, ಅಂದರೆ ಸಿಡಿಎಸ್ (ಚೀಫ್ ಆಫ್ ಡಿಫೆನ್ಸ್ ಸ್ಟಾಫ್), ಜಾರಿಗೆ ಬಂದದ್ದು 2020ರ ಜನವರಿ 1ರಂದು. ನಮ್ಮಲ್ಲಿ ಫೈಲು ನಡೆಯುವ ವೇಗ ನಿಮಗೆ ಗೊತ್ತೇ ಇದೆ.

ಮೊದಲ ಸಿಡಿಎಸ್ ಜನರಲ್ ಬಿಪಿನ್ ರಾವತ್. ಅವರ ಕನಸೇ ಥಿಯೇಟರ್ ಕಮಾಂಡ್. ಸರಳವಾಗಿ ಹೇಳಬೇಕೆಂದರೆ, ಒಂದು ದಿಕ್ಕಿನ ಶತ್ರುವಿಗೆ ಒಬ್ಬನೇ ಸೇನಾಪತಿ. ಅವನ ಕೈಯಲ್ಲಿ ಸೈನಿಕರು, ಹಡಗುಗಳು, ವಿಮಾನಗಳು ಎಲ್ಲವೂ. ಚೀನಾ ಕಡೆಗೆ ಲಖನೌದಲ್ಲಿ ಒಂದು, ಪಾಕಿಸ್ತಾನದ ಕಡೆಗೆ ಜೈಪುರದಲ್ಲಿ ಒಂದು, ಸಮುದ್ರಕ್ಕೆ ತಿರುವನಂತಪುರದಲ್ಲಿ ಒಂದು. ಪತ್ರಿಕೆಗಳಲ್ಲಿ ಬಂದಿರುವ ಯೋಜನೆ ಇದು.

ಯಾಕೆ ಬೇಕು ಅನ್ನುವುದಕ್ಕೆ ನಕ್ಷೆ ನೋಡಿದರೆ ಸಾಕು. ಭೂಸೇನೆಗೆ ಏಳು ಕಮಾಂಡ್, ವಾಯುಪಡೆಗೆ ಏಳು, ನೌಕಾಪಡೆಗೆ ಮೂರು. ಒಟ್ಟು 17. ಇವುಗಳ ಗಡಿರೇಖೆಗಳು ಒಂದಕ್ಕೊಂದು ಹೊಂದುವುದಿಲ್ಲ. ಪೂರ್ವದಲ್ಲಿ ಭೂಸೇನೆಯ ಕಮಾಂಡರ್ ಕೋಲ್ಕತ್ತಾದಲ್ಲಿ, ವಾಯುಪಡೆಯವರು ಶಿಲ್ಲಾಂಗ್‌ನಲ್ಲಿ, ನೌಕಾಪಡೆಯವರು ವಿಶಾಖಪಟ್ಟಣದಲ್ಲಿ. ಅರುಣಾಚಲದಿಂದ ಲಡಾಖ್‌ವರೆಗೆ ಚೀನಾ ಎದುರು ನಿಂತಿರುವ ನಮ್ಮವರು ಭೂಸೇನೆಯ ಮೂರು ಕಮಾಂಡ್‌ಗಳಿಗೂ ವಾಯುಪಡೆಯ ಮೂರು ಕಮಾಂಡ್‌ಗಳಿಗೂ ಹಂಚಿಹೋಗಿದ್ದಾರೆ. ಆ ಕಡೆ 2016ರಿಂದ ಚೀನಾದ ಒಂದೇ ಪಶ್ಚಿಮ ಥಿಯೇಟರ್ ಕಮಾಂಡ್. ಇಷ್ಟು ಜನ ಯಜಮಾನರು ಒಂದು ಮಾತಿಗೆ ಬರುವುದು ಕಷ್ಟ, ಅಲ್ವಾ?

ಇದನ್ನು ರಾವತ್ ಮೆತ್ತಗೆ ಹೇಳಿದ್ದರೆ ಆಗುತ್ತಿತ್ತೇನೋ. 2021ರ ಜುಲೈ 2ರಂದು ಅವರು ವಾಯುಪಡೆಯನ್ನು ಫಿರಂಗಿದಳ, ಎಂಜಿನಿಯರ್ ದಳದ ಹಾಗೆ ಬೆಂಬಲಕ್ಕಿರುವ ಅಂಗ ಎಂದುಬಿಟ್ಟರು. ಇಲ್ಲ, ವಾಯುಬಲದ ಪಾತ್ರ ತುಂಬಾ ದೊಡ್ಡದು ಎಂದು ಭದೌರಿಯಾ ಅವತ್ತೇ ಉತ್ತರ ಕೊಟ್ಟರು. ಆ ಮಾತು ಯಾಕೆ ಅಷ್ಟು ಚುಚ್ಚಿತು ಅನ್ನುವುದಕ್ಕೆ ಹಿಂದಕ್ಕೆ ಹೋಗಬೇಕು. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳಿಂದ ನಮ್ಮ ಮೊದಲ ಸ್ಕ್ವಾಡ್ರನ್ ಶುರುವಾದಾಗ ಅದರ ಕೆಲಸವೇ ಭೂಸೇನೆಗೆ ನೆರವಾಗುವುದು. ಆ ಆಳುಗೆಲಸದಿಂದ ಹೊರಬಂದು ತನ್ನದೇ ಕಾಲ ಮೇಲೆ ನಿಲ್ಲಲು ವಾಯುಪಡೆಗೆ ದಶಕಗಳೇ ಹಿಡಿದವು. ಥಿಯೇಟರ್ ಎಂದರೆ ಮತ್ತೆ ಅಲ್ಲಿಗೇ ವಾಪಸ್ ಅನ್ನುವ ಭಯ ಅವರಲ್ಲಿ ಆಳವಾಗಿದೆ.

ಭಯವನ್ನು ಬದಿಗಿಡಿ, ಲೆಕ್ಕ ನೋಡಿ. ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ ಉಳಿದದ್ದು 29. ಆಕಾಶದಲ್ಲಿ ಇಂಧನ ತುಂಬುವ ಇಲ್ಯೂಶಿನ್ ವಿಮಾನಗಳು ಆರೇ ಆರು. ಅವುಗಳಲ್ಲೂ ಎಲ್ಲ ಒಟ್ಟಿಗೆ ಹಾರುವ ಸ್ಥಿತಿಯಲ್ಲಿ ಇರುವುದಿಲ್ಲ ಎಂದು ಸಿಎಜಿ 2017ರಲ್ಲೇ ಬೊಟ್ಟು ಮಾಡಿತ್ತು. ಬೆನ್ನ ಮೇಲೆ ದೊಡ್ಡ ರೇಡಾರ್ ಹೊತ್ತ ಫಾಲ್ಕನ್‌ಗಳು ಮೂರು. ಥಿಯೇಟರ್‌ಗಳೂ ಮೂರು. ಒಂದೊಂದಕ್ಕೆ ಒಂದು ಕೊಟ್ಟರೆ ಸರಿಹೋಯಿತು ಅನ್ನಿಸಬಹುದು. ಆದರೆ ಒಂದು ರಿಪೇರಿಗೆ ಹೋದ ದಿನ ಆ ಥಿಯೇಟರ್ ಕುರುಡು. ಒಂದೇ ವಿಮಾನವನ್ನು ಹಗಲೂ ರಾತ್ರಿ ಮೇಲಿಡುವುದಕ್ಕೂ ಆಗುವುದಿಲ್ಲ.

ಮನೆಯಲ್ಲಿ ಒಂದೇ ಜೊತೆ ಎತ್ತು ಇದ್ದು ಮೂವರು ಅಣ್ಣತಮ್ಮಂದಿರು ಬೇರೆಯಾದರೆ ಆಗುವ ಕಥೆ ಇದು. ಹೊಲ ಮೂರು ಪಾಲು ಮಾಡಬಹುದು, ಎತ್ತನ್ನು ಮಾಡೋಕಾಗಲ್ಲ. ಮಳೆ ಮೂರೂ ಹೊಲಕ್ಕೆ ಒಂದೇ ದಿನ ಬಿದ್ದರೆ ಯಾರು ಮೊದಲು ಉಳುವುದು? ಅದಕ್ಕೆ ಹಿರಿಯ ಸಿಡಿಎಸ್ ಇದ್ದಾರಲ್ಲ ಅನ್ನುತ್ತಾರೆ ಥಿಯೇಟರ್ ಪರ ಇರುವವರು. ಹಾಗಾದರೆ ತೀರ್ಮಾನ ಮತ್ತೆ ದೆಹಲಿಗೇ ಬಂತು. ನಡುವೆ ಒಂದು ಮೆಟ್ಟಿಲು ಹೆಚ್ಚಾಯಿತು ಅನ್ನುತ್ತದೆ ವಾಯುಪಡೆ.

ನನಗೆ ಅನ್ನಿಸುವುದು, ಈ ಜಗಳದ ಅರ್ಧ ಬಿಸಿ ಬರುತ್ತಿರುವುದು ಈ ಕೊರತೆಯಿಂದ. 42 ಸ್ಕ್ವಾಡ್ರನ್ ನಿಜವಾಗಿಯೂ ಇದ್ದಿದ್ದರೆ ಪಾಲಿನ ಮಾತು ಇಷ್ಟು ಕಹಿಯಾಗುತ್ತಿರಲಿಲ್ಲ. ಅಮೆರಿಕದಲ್ಲಿ 1986ರ ಕಾನೂನಿನ ನಂತರ ಈ ವ್ಯವಸ್ಥೆ ಗಟ್ಟಿಯಾಯಿತು ಅಂತ ನಮ್ಮಲ್ಲಿ ಪದೇ ಪದೇ ಉದಾಹರಣೆ ಕೊಡುತ್ತಾರೆ. ಅವರ ಬಳಿ ಇರುವ ವಿಮಾನಗಳ ರಾಶಿ ಬೇರೆ. ಅವರು ಕಾದಾಡುವುದೂ ತಮ್ಮ ಮನೆಯಿಂದ ಸಾವಿರಾರು ಮೈಲಿ ದೂರ.

ಕೊರತೆಯ ಒಂದು ಎಳೆ ಬೆಂಗಳೂರಿಗೇ ಬಂದು ಮುಟ್ಟುತ್ತದೆ. 2021ರ ಫೆಬ್ರವರಿಯಲ್ಲಿ 83 ತೇಜಸ್ ಮಾರ್ಕ್-1ಎಗೆ ಎಚ್‌ಎಎಲ್ ಜೊತೆ ಒಪ್ಪಂದ ಆಯಿತು. 2024ರಿಂದ ಬರಬೇಕಿತ್ತು. ಅಮೆರಿಕದಿಂದ ಎಂಜಿನ್ ಬರುವುದು ತಡವಾಯಿತು, ಇಲ್ಲಿನ ಕೆಲಸವೂ ಉಳಿದಿತ್ತು. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಎ.ಪಿ. ಸಿಂಗ್ ಎಚ್‌ಎಎಲ್‌ನವರ ಮುಂದೆಯೇ ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿಬಿಟ್ಟಿತು. ಅದೇ ವರ್ಷ ಸೆಪ್ಟೆಂಬರ್ 25ರಂದು, ಮಿಗ್‌ಗೆ ವಿದಾಯ ಹೇಳುವ ಹಿಂದಿನ ದಿನ, ಇನ್ನೂ 97 ತೇಜಸ್‌ಗೆ 62,370 ಕೋಟಿ ರೂಪಾಯಿಯ ಒಪ್ಪಂದವಾಯಿತು. ಕಾಗದದ ಮೇಲೆ 180 ವಿಮಾನ. ಯಾವ ಸೇನಾಪತಿಯೂ ಕಾಗದವನ್ನು ಹಾರಿಸಲಾರ.

ಆಪರೇಷನ್ ಸಿಂಧೂರ ಬಂದ ಮೇಲೆ ಎರಡೂ ಕಡೆಯವರಿಗೆ ಹೊಸ ಸಾಕ್ಷಿ ಸಿಕ್ಕಿತು. 2025ರ ಮೇ 7ರಿಂದ 10ರವರೆಗೆ ನಡೆದ ಆ ಕಾರ್ಯಾಚರಣೆಯಲ್ಲಿ ವಾಯುಪಡೆಯ ಐಎಸಿಸಿಎಸ್ ಎನ್ನುವ ಜಾಲ ಎಲ್ಲ ರೇಡಾರ್‌ಗಳ ಚಿತ್ರವನ್ನು ಒಂದೇ ಪರದೆಗೆ ತಂದಿತು. ಭೂಸೇನೆಯ ಆಕಾಶ್‌ತೀರ್ ಅದಕ್ಕೆ ಜೋಡಿಯಾಯಿತು. ಎರಡನ್ನೂ ಕಟ್ಟಿದ್ದು ಬೆಂಗಳೂರಿನ ಬಿಇಎಲ್. ಆಗಸ್ಟ್ 9ರಂದು ಎ.ಪಿ. ಸಿಂಗ್ ಬೆಂಗಳೂರಿಗೆ ಬಂದು ಎಲ್.ಎಂ. ಕಾತ್ರೆ ಸ್ಮಾರಕ ಉಪನ್ಯಾಸದಲ್ಲಿ ಪಾಕಿಸ್ತಾನದ ಐದು ಯುದ್ಧವಿಮಾನ ಮತ್ತು ಒಂದು ದೊಡ್ಡ ವಿಮಾನವನ್ನು ಹೊಡೆದೆವು ಎಂದರು. ಪತ್ರಿಕೆಗಳು ಅದನ್ನೇ ತಲೆಬರಹ ಮಾಡಿದವು. ಎಲ್ಲರನ್ನೂ ಒಂದೆಡೆ ಸೇರಿಸುವುದರಲ್ಲಿ ಸಿಡಿಎಸ್ ಹುದ್ದೆ ನೆರವಾಯಿತು ಎಂದೂ ಅದೇ ಭಾಷಣದಲ್ಲಿ ಹೇಳಿದ್ದರು. ಅದನ್ನು ಗಮನಿಸಿದವರು ಕಡಿಮೆ.

ಕೆಲವೇ ವಾರಗಳ ನಂತರ, ಆಗಸ್ಟ್ ಕೊನೆಯಲ್ಲಿ, ಮಧ್ಯಪ್ರದೇಶದ ಮಹೂ ಊರಿನ ಸಭೆಯಲ್ಲಿ ಅವರೇ ಥಿಯೇಟರ್‌ಗೆ ಅವಸರ ಬೇಡ ಎಂದರು. ಇರುವುದನ್ನೆಲ್ಲ ಕಲಕಿ ಹೊಸದು ಕಟ್ಟುವ ಮೊದಲು ದೆಹಲಿಯಲ್ಲಿ ಮೂರೂ ಪಡೆಗಳು ಕೂತು ಯೋಜಿಸುವ ಒಂದು ಕೇಂದ್ರ ಮಾಡೋಣ ಎನ್ನುವುದು ಅವರ ಸಲಹೆ. ನೌಕಾಪಡೆಯ ಮುಖ್ಯಸ್ಥ ದಿನೇಶ್ ತ್ರಿಪಾಠಿ ಅದೇ ವೇದಿಕೆಯಲ್ಲಿ ಥಿಯೇಟರ್ ಪರ ನಿಂತರು. ಸಿಡಿಎಸ್ ಅನಿಲ್ ಚೌಹಾಣ್ ಭಿನ್ನಾಭಿಪ್ರಾಯ ಇರುವುದನ್ನು ಮುಚ್ಚಿಡಲಿಲ್ಲ, ದೇಶದ ಹಿತ ನೋಡಿ ಬಗೆಹರಿಸುತ್ತೇವೆ ಎಂದರು. ಸಮವಸ್ತ್ರದವರು ಹೀಗೆ ಎದುರುಬದುರು ಮಾತಾಡುವುದು ನಮ್ಮಲ್ಲಿ ಅಪರೂಪ. ನನಗಂತೂ ಅದು ಒಳ್ಳೆಯದೇ ಅನ್ನಿಸಿತು.

ಸಿಂಧೂರದ ಸಾಕ್ಷಿಯನ್ನು ಮಾತ್ರ ಸ್ವಲ್ಪ ಎಚ್ಚರಿಕೆಯಿಂದ ನೋಡಬೇಕು. ಅದು ನಾಲ್ಕು ದಿನ ನಡೆದದ್ದು, ಒಂದೇ ಗಡಿಯಲ್ಲಿ. ಮುಖ್ಯಸ್ಥರೆಲ್ಲ ದೆಹಲಿಯಲ್ಲಿ ಒಂದೇ ಕೋಣೆಯಲ್ಲಿ ಕೂರಬಹುದಿತ್ತು. ಇನ್ನೊಂದು ಗಡಿಯೂ ಹೊತ್ತಿಕೊಂಡು ವಾರಗಟ್ಟಲೆ ನಡೆದರೆ ಆ ಕೋಣೆ ಎಷ್ಟು ಫೋನ್‌ಗೆ ಉತ್ತರ ಕೊಟ್ಟೀತು? ಇದಕ್ಕೆ ವಾಯುಪಡೆಯ ಬಳಿ ಒಳ್ಳೆಯ ಉತ್ತರ ಇಲ್ಲ. ಎತ್ತು ಪಾಲು ಮಾಡದೆ ಮೂರೂ ಹೊಲ ಹೇಗೆ ಉಳುತ್ತೀರಿ ಅನ್ನುವುದಕ್ಕೆ ಥಿಯೇಟರ್ ಪರದವರ ಬಳಿಯೂ ಇಲ್ಲ. ನನ್ನ ಕೈಗೆ ಕೊಟ್ಟರೆ ಮೊದಲು 17 ಕಚೇರಿಗಳ ಗಡಿರೇಖೆ ಹೊಂದಿಸುತ್ತೇನೆ. ಒಂದೇ ಶತ್ರುವನ್ನು ನೋಡುವ ಮೂವರನ್ನು ಒಂದೇ ಊರಿನಲ್ಲಿ ಕೂರಿಸುತ್ತೇನೆ. ಇಂಧನ ವಿಮಾನ, ಫಾಲ್ಕನ್, ಸಾಗಣೆ ವಿಮಾನಗಳನ್ನು ಯಾವ ಥಿಯೇಟರ್‌ಗೂ ಬರೆದುಕೊಡದೆ ದೆಹಲಿಯಲ್ಲೇ ಇಟ್ಟುಕೊಳ್ಳುತ್ತೇನೆ.

ಕಾನೂನಿನ ದಾರಿಯಂತೂ ಆಗಲೇ ತೆರೆದಿದೆ. ಜಂಟಿ ಸಂಸ್ಥೆಯ ಮುಖ್ಯಸ್ಥನಿಗೆ ಮೂರೂ ಪಡೆಯವರ ಮೇಲೆ ಶಿಸ್ತಿನ ಅಧಿಕಾರ ಕೊಡುವ ಕಾಯ್ದೆ 2023ರಲ್ಲಿ ಪಾಸಾಗಿ 2024ರ ಮೇ 10ರಿಂದ ಜಾರಿಯಲ್ಲಿದೆ. ಥಿಯೇಟರ್ ಬಂದ ದಿನ ವಾಯುಪಡೆಯ ಮುಖ್ಯಸ್ಥರ ಕೆಲಸವೂ ಬದಲಾಗುತ್ತದೆ. ಜನರನ್ನು ಸೇರಿಸಿಕೊಳ್ಳುವುದು, ಕಲಿಸುವುದು, ವಿಮಾನಗಳನ್ನು ಸುಸ್ಥಿತಿಯಲ್ಲಿ ಇಡುವುದು ಅವರದು. ಕಾದಾಟದ ಆದೇಶ ಥಿಯೇಟರ್‌ನವರದು. ಅಂದರೆ ಏಳರಲ್ಲಿ ಅವರ ಕೈಯಲ್ಲಿ ಪೂರ್ತಿ ಉಳಿಯುವುದು ನಾಗಪುರ ಮತ್ತು ಬೆಂಗಳೂರು. ಬೀದರ್‌ನ ಹಾಕ್ ಇವತ್ತಿನ ಹಾಗೇ ಹೆಬ್ಬಾಳದ ಮಾತು ಕೇಳುತ್ತದೆ. ಅದರಲ್ಲಿ ಕಲಿತ ಹುಡುಗಿ ರಫೇಲ್ ಹಾರಿಸಲು ಹಾಸಿಮಾರಕ್ಕೆ ಹೋದ ದಿನ, ಅವಳ ದೊಡ್ಡ ಯಜಮಾನ ಲಖನೌದಲ್ಲಿ ಕೂತ ಭೂಸೇನೆಯ ಜನರಲ್ ಆಗಿರಬಹುದು.